ಗೆರೆ ಎಲ್ಲಿ ಬೀಳುತ್ತದೆ?

ನನ್ನ ಕೈಯಲ್ಲಿರುವ ಈ ಟೇಪಿನ ಉದ್ದ 60 ಇಂಚು. ಧಾರವಾಡದಲ್ಲಿ ಅಂಗಡಿ ಇಟ್ಟು 26 ವರ್ಷವಾಯಿತು. ಅಷ್ಟು ವರ್ಷವೂ ಇದು ನನ್ನ ಕೊರಳಲ್ಲೇ ಇದೆ. ಇಲ್ಲಿ ಕೂತಿರುವವರಲ್ಲಿ ಕೆಲವರು ಹೊಲಿಗೆ ಕಲಿಯುತ್ತಿದ್ದೀರಿ, ಉಳಿದವರು ಹೊಲಿಸಿಕೊಳ್ಳುವವರು. ನಾನು ಹೇಳಬೇಕಾದ ಮಾತು ಇಬ್ಬರಿಗೂ ಒಂದೇ.

ಅಳತೆ ಕೊಡಲು ಬಂದ ಹೆಂಗಸರು ಕನ್ನಡಿ ಮುಂದೆ ನಿಂತ ಕೂಡಲೇ ಏನು ಹೇಳುತ್ತಾರೆ ಗೊತ್ತಾ? ಬಟ್ಟೆಯ ಬಗ್ಗೆ ಅಲ್ಲ, ತಮ್ಮ ಮೈ ಬಗ್ಗೆ. “ಅಕ್ಕಾ, ನಾ ಗಿಡ್ಡ ಅದೀನ್ರಿ.” “ನನ್ನ ಹೊಟ್ಟಿ ಜಾಸ್ತಿ ಐತ್ರಿ.” ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಹೇಳುತ್ತಾರೆ. ನನಗೆ ತುಂಬ ಸಂಕಟವಾಗುತ್ತದೆ. ಮೈ ತಪ್ಪು ಮಾಡಿಲ್ಲ. ಬಟ್ಟೆಯ ಗೆರೆ ತಪ್ಪಾದ ಜಾಗದಲ್ಲಿ ಬಿದ್ದಿದೆ, ಅಷ್ಟೇ. ಕುರ್ತಾ ಮುಗಿಯುವ ಜಾಗ ಒಂದು ಗೆರೆ. ತೋಳು ಮುಗಿಯುವ ಜಾಗ ಒಂದು ಗೆರೆ. ಸೀರೆಯ ದಡಿ, ಸೊಂಟದ ಪಟ್ಟಿ, ಕತ್ತಿನ ಪೈಪಿಂಗು, ಎಲ್ಲವೂ ಗೆರೆಗಳೇ. ಕಣ್ಣು ಗೆರೆ ಇದ್ದಲ್ಲಿ ನಿಲ್ಲುತ್ತದೆ, ಮೈಯನ್ನು ಅಲ್ಲಿಂದಲೇ ಭಾಗ ಮಾಡುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಕಳೆದ ವರ್ಷ ಒಬ್ಬ ಹುಡುಗಿ ರೆಡಿಮೇಡ್ ಕುರ್ತಾ ತಂದಳು. ಒಳ್ಳೆಯ ಹತ್ತಿ ಬಟ್ಟೆ, ಒಳ್ಳೆಯ ನೀಲಿ ಬಣ್ಣ. ಎದೆ ಸರಿ, ಭುಜ ಸರಿ. ಆದರೆ ಹಾಕಿಕೊಂಡರೆ ಏನೋ ಸರಿ ಇಲ್ಲ. “ಅಕ್ಕಾ, ಇದನ್ನ ಹಾಕ್ಕೊಂಡ್ರ ನಾ ಇನ್ನೂ ಗಿಡ್ಡ ಕಾಣ್ತೀನ್ರಿ. ನನ್ನ ಗೆಳತಿಗೆ ಇದ ಕುರ್ತಾ ಎಷ್ಟ ಛಂದ ಕಾಣತೈತಿ!” ಅಂದಳು. ನಾನು ಟೇಪು ಹಿಡಿದೆ. ಕುರ್ತಾದ ಉದ್ದ 40 ಇಂಚು. ಹುಡುಗಿಯ ಎತ್ತರ 5 ಅಡಿ. ಅವಳ ಭುಜದಿಂದ ನೆಲಕ್ಕೆ ಸುಮಾರು 50 ಇಂಚು. ಅಂದರೆ ಕುರ್ತಾ ನೆಲದಿಂದ 10 ಇಂಚು ಮೇಲೆ ಮುಗಿಯುತ್ತದೆ. ಅಲ್ಲಿ ಏನಿದೆ? ಮೀನಖಂಡ. ಮೊಣಕಾಲಿನ ಕೆಳಗೆ ಕಾಲು ದಪ್ಪಗಿರುವ ಜಾಗ ಅದೇ. ಗೆಳತಿಯ ಎತ್ತರ 5 ಅಡಿ 6 ಇಂಚಂತೆ. ಅವಳಿಗೆ ಭುಜದಿಂದ ನೆಲಕ್ಕೆ 55 ಇಂಚು ಅಂತ ಇಟ್ಟುಕೊಳ್ಳಿ. ಅದೇ ಕುರ್ತಾ ಅವಳಿಗೆ ನೆಲದಿಂದ 15 ಇಂಚು ಮೇಲೆ, ಮೊಣಕಾಲಿನ ಸ್ವಲ್ಪ ಕೆಳಗೆ, ಕಾಲು ಸಣ್ಣಗಾಗುವ ಜಾಗದಲ್ಲಿ ಮುಗಿಯುತ್ತದೆ. ಬಟ್ಟೆ ಒಂದೇ, ಅಂಗಡಿ ಒಂದೇ, ದುಡ್ಡೂ ಅಷ್ಟೇ. ಬೇರೆಯಾಗಿದ್ದು ಗೆರೆ ಬಿದ್ದ ಜಾಗ.

ಹುಡುಗಿ “ಕತ್ತರಿಸಬ್ಯಾಡ್ರಿ ಅಕ್ಕಾ, ಬಟ್ಟಿ ಹಾಳಾಗ್ತೈತಿ” ಅಂದಳು. ಕತ್ತರಿಸಲಿಲ್ಲ. ಗುಂಡುಪಿನ್ನು ತಗೊಂಡು ಕೆಳ ಅಂಚನ್ನು ಒಂದೊಂದೇ ಇಂಚು ಒಳಗೆ ಮಡಿಸುತ್ತಾ ಹೋದೆ. ಒಂದು ಇಂಚಿಗೆ ಏನೂ ಬದಲಾಗಲಿಲ್ಲ. ಎರಡು ಇಂಚಿಗೆ ಇನ್ನೂ ಕೆಟ್ಟದಾಯಿತು, ಏಕೆಂದರೆ ಅಂಚು ಸರಿಯಾಗಿ ಮೀನಖಂಡದ ನಡುವೆ ಬಂತು. ಮೂರು ಇಂಚಿಗೆ ಅವಳ ಮುಖ ಅರಳತೊಡಗಿತು. ನಾಲ್ಕು ಇಂಚಿಗೆ, ಅಂದರೆ ಉದ್ದ 36 ಆದಾಗ, ಅವಳೇ “ಹಾಂ, ಇಲ್ಲೇ!” ಅಂದಳು. ನಾನು ಏನೂ ಹೇಳಬೇಕಾಗಲಿಲ್ಲ. ಕಣ್ಣಿಗೆ ಗೊತ್ತಾಗುತ್ತದೆ, ಅಲ್ವಾ?

ಕಲಿಯುವವರು ಇದನ್ನು ಬರೆದುಕೊಳ್ಳಿ. ಅಂಚು ಯಾವತ್ತೂ ಮೈಯ ಸಣ್ಣ ಜಾಗದಲ್ಲಿ ಮುಗಿಯಲಿ, ದಪ್ಪ ಜಾಗದಲ್ಲಿ ಬೇಡ. ಮೊಣಕಾಲಿನ ಮೇಲೊಂದು, ಕೆಳಗೊಂದು, ಕಾಲಿನ ಗಂಟಿನ ಹತ್ತಿರ ಒಂದು ಸಣ್ಣ ಜಾಗ ಇದೆ. ತೊಡೆಯ ನಡುವೆಯೂ ಮೀನಖಂಡದ ನಡುವೆಯೂ ಇಲ್ಲ. 38, 40, 42 ಅಂತ ಅಂಗಡಿಯವರು ಇಟ್ಟ ನಂಬರಿಗೂ ನಿಮ್ಮ ಮೊಣಕಾಲಿಗೂ ಸಂಬಂಧವಿಲ್ಲ.

ಇನ್ನೊಂದು ಲೆಕ್ಕ. ನಿಂತ ಮನುಷ್ಯನ ಎತ್ತರದ ಸರಿ ಅರ್ಧ ಎಲ್ಲಿ ಬರುತ್ತದೆ? ಸೊಂಟಕ್ಕೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಕಾಲುಗಳು ಸೇರುವ ಜಾಗದ ಆಸುಪಾಸಿಗೆ ಬರುತ್ತದೆ. ಒಂದು ಟಾಪು ಸರಿಯಾಗಿ ಅಲ್ಲಿಗೇ ಮುಗಿದರೆ, ಕೆಳಗೆ ಬೇರೆ ಬಣ್ಣದ ಪ್ಯಾಂಟು ಇದ್ದರೆ, ಮೈ ಎರಡು ಸಮ ತುಂಡಾಗಿ ಕಾಣುತ್ತದೆ. ಮೇಲೊಂದು ಡಬ್ಬಿ, ಕೆಳಗೊಂದು ಡಬ್ಬಿ. ಸಮ ಭಾಗ ಕಣ್ಣಿಗೆ ಮಂಕು. ಒಂದು ಪಾಲು ಮೇಲೆ, ಎರಡು ಪಾಲು ಕೆಳಗೆ ಇದ್ದರೆ ಕಣ್ಣಿಗೆ ಓಡಾಡಲು ಜಾಗ ಸಿಗುತ್ತದೆ. ಎರಡು ಪಾಲು ಮೇಲೆ, ಒಂದು ಪಾಲು ಕೆಳಗೆ ಇದ್ದರೂ ಆಯಿತು.

ಆ 5 ಅಡಿಯ ಹುಡುಗಿಯದೇ ಲೆಕ್ಕ ಹಾಕೋಣ. ಭುಜದಿಂದ ನೆಲಕ್ಕೆ 50 ಇಂಚು. ಮೂರನೇ ಒಂದು ಪಾಲು ಅಂದರೆ 16-17 ಇಂಚು. ಅದು ಅವಳ ಸೊಂಟದ ಆಸುಪಾಸು. ಎರಡು ಪಾಲು ಅಂದರೆ 33 ಇಂಚು. ಅದು ಅವಳ ಮೊಣಕಾಲಿನ ಆಸುಪಾಸು. ನೋಡಿ, ಸೊಂಟಕ್ಕೆ ಸಿಕ್ಕಿಸಿದ ಶರ್ಟು ಚೆಂದ ಕಾಣುವುದೂ ಮೊಣಕಾಲಿನ ಹತ್ತಿರ ನಿಂತ ಕುರ್ತಾ ಚೆಂದ ಕಾಣುವುದೂ ಒಂದೇ ಕಾರಣಕ್ಕೆ. ಎರಡರ ನಡುವೆ, ತೊಡೆಯ ಅರ್ಧಕ್ಕೆ ನಿಂತ ಟಾಪು ಕಷ್ಟ. ಪಾಲು ಎರಡು ಮೂರು ಇಂಚು ಆಚೀಚೆ ಆದರೆ ಚಿಂತೆಯಿಲ್ಲ. ಆ ಹುಡುಗಿಗೆ ಒಪ್ಪಿದ್ದು 36, ಲೆಕ್ಕ ಹೇಳಿದ್ದು 33. ಟೇಪು ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ, ಕೊನೆಯ ಎರಡು ಮೂರು ಇಂಚು ಕನ್ನಡಿಯದು.

ನಮ್ಮ ಸೀರೆಯಲ್ಲಿ ಈ ಲೆಕ್ಕ ತಾನಾಗಿಯೇ ಇದೆ. ಬ್ಲೌಸು ಒಂದು ಪಾಲು, ಸೊಂಟದಿಂದ ಕೆಳಗೆ ಎರಡು ಪಾಲು. ಅದರ ಮೇಲೆ ಓರೆಯಾಗಿ ಹೋಗುವ ಸೆರಗು. ಓರೆ ಗೆರೆ ಮೈಯನ್ನು ತುಂಡು ಮಾಡುವುದಿಲ್ಲ, ಕಣ್ಣನ್ನು ಭುಜದ ಕಡೆಗೆ, ಮುಖದ ಕಡೆಗೆ ಎಳೆದುಕೊಂಡು ಹೋಗುತ್ತದೆ. ಸೀರೆ ಎಲ್ಲರಿಗೂ ಒಪ್ಪುತ್ತದೆ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಆದರೆ ಸೀರೆಯಲ್ಲೂ ಅಳತೆ ನೋಡಬೇಕು. ಸೀರೆಯ ಅಗಲ ಸಾಮಾನ್ಯವಾಗಿ 44 ರಿಂದ 48 ಇಂಚು. 46 ಅಂತ ಹಿಡಿಯಿರಿ. 5 ಅಡಿಯ ಹೆಂಗಸಿಗೆ ಸೊಂಟದಿಂದ ನೆಲಕ್ಕೆ ಸುಮಾರು 37 ಇಂಚು. ಉಳಿದ 9 ಇಂಚು ಎಲ್ಲಿಗೆ ಹೋಗಬೇಕು? ಸೊಂಟದ ಒಳಗೆ. ಸುತ್ತಲೂ 9 ಇಂಚು ಬಟ್ಟೆ ಹೊಟ್ಟೆಯ ಮೇಲೆ ಎರಡನೇ ಪದರವಾಗಿ ಕೂರುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಯಾದರೆ ಅದೊಂದು ದಿಂಬಿನ ಹಾಗೆ ಉಬ್ಬುತ್ತದೆ. ಆಮೇಲೆ “ನನ್ನ ಹೊಟ್ಟಿ ಜಾಸ್ತಿ ಐತ್ರಿ” ಅನ್ನುತ್ತಾರೆ. ಹೊಟ್ಟೆ ಅಲ್ಲವ್ವಾ, ಅದು ಸೀರೆ! ನಿಮ್ಮ ಎತ್ತರ ಕಡಿಮೆ ಇದ್ದರೆ ಕೊಳ್ಳುವಾಗಲೇ ಅಗಲ ಅಳೆಯಿರಿ. 44 ಇಂಚಿನದು ಸಿಕ್ಕರೆ ಎರಡು ಇಂಚು ಉಳಿಯಿತು. ಒಳಗೆ ಸಿಕ್ಕಿಸುವ ಮೇಲ್ಭಾಗಕ್ಕೆ ಗಂಜಿ ಹಾಕಬೇಡಿ, ಇಸ್ತ್ರಿ ಮಾಡಿ ಚಪ್ಪಟೆ ಮಾಡಿ. ಒಳಲಂಗದ ಲಾಡಿಯ ಗಂಟು ಹೊಟ್ಟೆಯ ನಡುವೆ ಬೇಡ, ಪಕ್ಕಕ್ಕೆ ಬರಲಿ. ಸೀರೆ ಉಡುವ ಮುಂಚೆ ಚಪ್ಪಲಿ ಹಾಕಿಕೊಳ್ಳಿ. ಉಟ್ಟ ಮೇಲೆ ಎತ್ತರದ ಚಪ್ಪಲಿ ಹಾಕಿದರೆ ದಡಿ ನೆಲಬಿಟ್ಟು ಮೇಲೇಳುತ್ತದೆ, ಕಾಲಿನ ಗಂಟಿನ ಮೇಲೊಂದು ಅಡ್ಡಗೆರೆ ಬೀಳುತ್ತದೆ.

ದಡಿಯ ಮಾತಿಗೆ ಬರೋಣ. ನಮ್ಮ ಇಳಕಲ್ ಸೀರೆಯಲ್ಲಿ ಗೋಮಿ, ಪರಾಸ್, ಗಾಡಿ ಅಂತ ಬೇರೆ ಬೇರೆ ದಡಿ ಇವೆ. ಗಾಡಿ ದಡಿ ಅಗಲ. ಸೊಂಟದಿಂದ ಕೆಳಗೆ 37 ಇಂಚು ಇರುವವರಿಗೆ 4 ಇಂಚಿನ ದಡಿ ಒಂಬತ್ತನೇ ಒಂದು ಪಾಲು. 10 ಇಂಚಿನ ರೇಷ್ಮೆ ದಡಿಯಾದರೆ ಕಾಲು ಪಾಲಿಗಿಂತ ಜಾಸ್ತಿ. ಎತ್ತರ ಕಡಿಮೆ ಇದ್ದವರು ಅಗಲ ದಡಿ ಉಡಲೇಬಾರದಾ ಅಂತ ಕೇಳುತ್ತಾರೆ. ಉಡಿ! ಧಾರಾಳವಾಗಿ ಉಡಿ. ಒಡಲಿನ ಬಣ್ಣಕ್ಕೆ ಹತ್ತಿರದ ದಡಿ ಆರಿಸಿಕೊಳ್ಳಿ. ಹಸಿರು ಒಡಲಿಗೆ ಗಾಢ ಹಸಿರು ದಡಿ ಬಂದರೆ ಗೆರೆ ಮೆತ್ತಗಾಗುತ್ತದೆ, ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಹಳದಿ ಒಡಲಿಗೆ ಕಡುಗೆಂಪು ದಡಿಯೇ ಬೇಕು ಅಂತ ಮನಸ್ಸಾಗಿದ್ದರೆ ಬ್ಲೌಸು ಒಡಲಿನ ಬಣ್ಣದ್ದಾಗಲಿ. ಆಗ ಭುಜದಿಂದ ಮೊಣಕಾಲಿನವರೆಗೆ ಒಂದೇ ಬಣ್ಣ ಉದ್ದಕ್ಕೆ ಹರಿಯುತ್ತದೆ. ದಡಿ ಕೊನೆಗೆ ಬರುತ್ತದೆ.

ಮೈಸೂರಿನಲ್ಲಿ 1912ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಕ್ರೇಪ್ ರೇಷ್ಮೆ ನಿಮಗೆಲ್ಲ ಗೊತ್ತು. ಆ ಬಟ್ಟೆ ಮೈಗೆ ಅಂಟಿ ಇಳಿಯುತ್ತದೆ. ಗಂಜಿ ಹಾಕಿದ ಹತ್ತಿ ಮೈಯಿಂದ ದೂರ ನಿಲ್ಲುತ್ತದೆ. ಒಂದೇ ಬ್ಲೌಸನ್ನು ಎರಡಕ್ಕೂ ಹಾಕಿದರೆ ಒಪ್ಪುವುದಿಲ್ಲ. ಕೆಳಗೆ ಬಟ್ಟೆ ಉಬ್ಬಿ ನಿಂತಾಗ ಮೇಲಿನದು ಮೈಗೆ ಹಿಡಿದಂತಿರಬೇಕು. ಕೆಳಗೆ ಮೆತ್ತಗೆ ಇಳಿದಾಗ ಮೇಲೆ ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ. ಪಲಾಜೊ ಮೇಲೆ ಅಗಲ ಕುರ್ತಾ ಹಾಕಿ “ಟೆಂಟ್ ಆಗೇದ್ರಿ” ಅನ್ನುವವರಿಗೂ ಇದೇ ಉತ್ತರ. ಎರಡರಲ್ಲಿ ಒಂದು ಮೈಯ ಹತ್ತಿರ ಬರಲಿ.

ಕೊಡಗಿನ ಹೆಂಗಸರ ಸೀರೆ ನೋಡಿದ್ದೀರಾ? ನೆರಿಗೆ ಹಿಂದೆ ಇರುತ್ತದೆ. ಸೆರಗು ಎಡಗೈ ಕೆಳಗಿನಿಂದ ಎದೆ ಬಳಸಿ ಬಂದು ಬಲ ಭುಜದ ಮೇಲೆ ನಿಲ್ಲುತ್ತದೆ. ಮುಂದೆ ನೆರಿಗೆಯ ಗಾತ್ರವೇ ಇಲ್ಲ, ಪೂರ್ತಿ ಚಪ್ಪಟೆ. ಬಟ್ಟೆಯ ಗಾತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿಬಿಟ್ಟಿದ್ದಾರೆ. ನಾನು ಮೊದಲ ಸಲ ಮಡಿಕೇರಿಯಲ್ಲಿ ಒಂದು ಮದುವೆಗೆ ಹೋದಾಗ ಊಟ ಬಿಟ್ಟು ಅದನ್ನೇ ನೋಡುತ್ತಾ ನಿಂತಿದ್ದೆ.

ಈಗ ತೋಳಿನ ಮಾತು. ಇದನ್ನು ಕಲಿತಿದ್ದು ನನ್ನದೇ ತಪ್ಪಿನಿಂದ. ಅಂಗಡಿ ಇಟ್ಟ ಹೊಸತರಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಬ್ಲೌಸು ಹೊಲಿದೆ. ಗುಳೇದಗುಡ್ಡದ ಖಣ. ಖಣದ ಅಂಚನ್ನು ತೋಳಿನ ತುದಿಗೆ ಬರುವಂತೆ ಇಟ್ಟೆ, ತೋಳಿನ ಉದ್ದ 8 ಇಂಚು. ಹೊಲಿಗೆಯಲ್ಲಿ ಒಂದು ಕುಂದೂ ಇರಲಿಲ್ಲ. ಫೋಟೋ ಬಂದ ಮೇಲೆ ಅವಳು ಆಲ್ಬಮ್ ಹಿಡಿದುಕೊಂಡು ಬಂದು ಕೇಳಿದಳು: “ಅಕ್ಕಾ, ಇದರಾಗ ನಾ ಯಾಕ ಇಷ್ಟ ಅಗಲ ಕಾಣಾಕತ್ತೇನಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹೋದಳು.

ಆ ಫೋಟೋ ಇಟ್ಟುಕೊಂಡು ಎಷ್ಟೋ ದಿನ ನೋಡಿದೆ. ಒಂದು ರಾತ್ರಿ ಅದರ ಮೇಲೆ ಸ್ಕೇಲು ಅಡ್ಡ ಇಟ್ಟೆ. ಎಡ ತೋಳಿನ ಅಂಚು, ಎದೆಯ ಅಗಲದ ಜಾಗ, ಬಲ ತೋಳಿನ ಅಂಚು, ಮೂರೂ ಒಂದೇ ನೇರದಲ್ಲಿ ಇದ್ದವು. ತೋಳಿನ ಅಂಚಿನ ಗೆರೆ ತೋಳಿಗೆ ಮುಗಿಯುವುದಿಲ್ಲ. ಕಣ್ಣು ಅದನ್ನು ಎದೆಯ ಮೇಲಿಂದ ಆಚೆ ತೋಳಿನವರೆಗೆ ಎಳೆದುಕೊಂಡು ಹೋಗುತ್ತದೆ. ಖಣದ ಅಂಚು ಮಿಂಚುತ್ತಿದ್ದರಿಂದ ಗೆರೆ ಇನ್ನೂ ಗಟ್ಟಿಯಾಗಿತ್ತು. 5-6 ಇಂಚಿಗೆ ನಿಲ್ಲಿಸಿದ್ದರೆ ಗೆರೆ ಎದೆಗಿಂತ ಮೇಲೆ ಬರುತ್ತಿತ್ತು. 10-11 ಇಂಚು, ಮೊಣಕೈ ಹತ್ತಿರಕ್ಕೆ ಇಳಿಸಿದ್ದರೆ ಸೊಂಟದ ಕಡೆಗೆ ಹೋಗುತ್ತಿತ್ತು, ಸೊಂಟ ಸಣ್ಣ ಜಾಗ. ನಾನು ಸರಿಯಾಗಿ ನಡುವೆ ಇಟ್ಟಿದ್ದೆ. ಆಮೇಲೆ ಅವಳಿಗೆ ಇನ್ನೊಂದು ಖಣ ತಂದು 10 ಇಂಚಿನ ತೋಳಿಟ್ಟು ಹೊಲಿದುಕೊಟ್ಟೆ. ಅವತ್ತಿನಿಂದ ತೋಳಿನ ಉದ್ದವನ್ನು ತೋಳಿನ ಮೇಲೆ ಮಾತ್ರ ಅಳೆಯುವುದಿಲ್ಲ. ಟೇಪನ್ನು ತೋಳಿನ ತುದಿಯಿಂದ ಎದೆಯ ಮೇಲೆ ಅಡ್ಡ ಹಿಡಿದು, ಗೆರೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿಯೇ ಚಾಕಿನಿಂದ ಗುರುತು ಹಾಕುತ್ತೇನೆ. ಕಲಿಯುವ ಹುಡುಗಿಯರೇ, ಇದೊಂದನ್ನು ಮರೆಯಬೇಡಿ.

ಅಡ್ಡಪಟ್ಟೆ ಹಾಕಿದರೆ ದಪ್ಪ ಕಾಣುತ್ತಾರೆ, ಉದ್ದಪಟ್ಟೆ ಹಾಕಿದರೆ ತೆಳ್ಳಗೆ ಕಾಣುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಒಂದು ವಿಚಾರ ಬರೆದಿಟ್ಟಿದ್ದಾರೆ. ಒಂದೇ ಅಳತೆಯ ಎರಡು ಚೌಕ. ಒಂದರಲ್ಲಿ ಅಡ್ಡ ಗೆರೆಗಳು, ಇನ್ನೊಂದರಲ್ಲಿ ಉದ್ದ ಗೆರೆಗಳು. ನೋಡಿದರೆ ಅಡ್ಡ ಗೆರೆಗಳ ಚೌಕವೇ ಎತ್ತರವಾಗಿ, ಸಪೂರವಾಗಿ ಕಾಣುತ್ತದೆ! 2011ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಕಿರಿಯಾಕಿ ಮಿಕೆಲ್ಲಿಡೂ ಇದನ್ನು ಹೆಂಗಸರ ಚಿತ್ರಗಳ ಮೇಲೂ ಪರೀಕ್ಷೆ ಮಾಡಿ, ಅಡ್ಡಪಟ್ಟೆ ದಪ್ಪ ಕಾಣಿಸುವುದಿಲ್ಲ ಅಂತ ತೋರಿಸಿದರು. ಮನೆಯಲ್ಲಿ ಕಾಗದದ ಮೇಲೆ ಬರೆದು ನೋಡಿ, ಐದು ನಿಮಿಷದ ಕೆಲಸ. ನನಗೆ ಅನ್ನಿಸುವುದು ಇಷ್ಟು. ಹತ್ತಿರ ಹತ್ತಿರ ಇಪ್ಪತ್ತು ಗೆರೆ ಇದ್ದರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ, ಏಣಿ ಹತ್ತಿದ ಹಾಗೆ ಹತ್ತಿಕೊಂಡು ಹೋಗುತ್ತದೆ. ಖಾಲಿ ಬಟ್ಟೆಯ ಮೇಲೆ ಒಂದೇ ಒಂದು ಗಟ್ಟಿ ಗೆರೆ ಇದ್ದರೆ ಅಲ್ಲಿ ನಿಲ್ಲುತ್ತದೆ. ಪಟ್ಟೆಗೆ ಹೆದರಬೇಡಿ, ಒಂಟಿ ಗೆರೆ ಎಲ್ಲಿದೆ ನೋಡಿ.

ಹೂವಿನ ಗಾತ್ರವನ್ನೂ ಹೀಗೇ ನೋಡಬೇಕು. ನಮ್ಮ ಕಸೂತಿಯಲ್ಲಿ ದೊಡ್ಡ ಚಿತ್ರಗಳು, ಗೋಪುರ, ತೇರು, ಆನೆ, ಸೆರಗಿನ ಹತ್ತಿರ ಬರುತ್ತವೆ. ಅಲ್ಲಿಂದ ಒಡಲಿಗೆ ಹೋಗುತ್ತಾ ಸಣ್ಣವಾಗುತ್ತವೆ. ಸೆರಗು ಬಿಚ್ಚಿ ಹರಡಿಕೊಳ್ಳುವ ಜಾಗ, ದೊಡ್ಡ ಚಿತ್ರ ಅಲ್ಲಿ ಪೂರ್ತಿ ಕಾಣುತ್ತದೆ. ಅದೇ ಗೋಪುರವನ್ನು ನೆರಿಗೆಯೊಳಗೆ ಹಾಕಿದರೆ ಕಾಣುವುದು ಮುರಿದ ಗೋಪುರ. ಹಳ್ಳಿಯ ಹೆಂಗಸರು ಟೇಪು ಇಲ್ಲದೆ ಎಳೆ ಎಣಿಸಿ ಇದನ್ನು ಮಾಡಿದ್ದಾರೆ. ನಿಮ್ಮ ಕುರ್ತಾಕ್ಕೆ ಬಟ್ಟೆ ಆರಿಸುವಾಗ ಮುಷ್ಟಿ ಹಿಡಿದು ಹೂವಿನ ಮೇಲೆ ಇಟ್ಟು ನೋಡಿ. ಮುಷ್ಟಿಗಿಂತ ದೊಡ್ಡ ಹೂವಾದರೆ ಅದು ಎಲ್ಲಿ ಬೀಳುತ್ತದೆ ಅಂತ ಟೇಲರಿಗೆ ಮೊದಲೇ ಹೇಳಿ. ಎದೆಯ ಒಂದೇ ಬದಿಗೆ ದೊಡ್ಡ ಹೂ ಬಂದರೆ ಬಿಚ್ಚಿ ಹೊಲಿದರೂ ಸರಿಹೋಗುವುದಿಲ್ಲ.

ಗಂಡಸರಿಗೆ ಹೇಳುವುದು ಸ್ವಲ್ಪ. ಹೊರಗೆ ಬಿಡುವ ಶರ್ಟು ಪೃಷ್ಠದ ನಡುವಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ಕಾಲು ಗಿಡ್ಡ ಕಾಣುತ್ತದೆ. ಧೋತರದ ಮೇಲಿನ ನೆಹರು ಶರ್ಟು ಮೊಣಕಾಲಿನ ಹತ್ತಿರ ಬಂದರೂ ಚೆಂದ, ಏಕೆಂದರೆ ಎರಡೂ ಬಿಳಿ, ಗೆರೆಯೇ ಕಾಣುವುದಿಲ್ಲ.

ಇನ್ನೊಂದು ಮಾತು ಹೊಲಿಯುವವರಿಗೆ. ಯಾರ ಎರಡು ಭುಜವೂ ಪೂರ್ತಿ ಸಮ ಇರುವುದಿಲ್ಲ. ಚೀಲ ಹೊತ್ತು, ಮಗು ಎತ್ತಿಕೊಂಡು ಒಂದು ಭುಜ ಸ್ವಲ್ಪ ಇಳಿದಿರುತ್ತದೆ. ಭುಜದಿಂದ ಅಳೆದು ಅಂಚು ಕತ್ತರಿಸಿದರೆ ಮೇಜಿನ ಮೇಲೆ ಸಮ, ಮೈಮೇಲೆ ಓರೆ. ಹೊಟ್ಟೆ ಮುಂದಿದ್ದರೆ ಕುರ್ತಾದ ಮುಂಭಾಗ ಮೇಲೇಳುತ್ತದೆ, ಮುಂದೆ ಅರ್ಧದಿಂದ ಒಂದು ಇಂಚು ಜಾಸ್ತಿ ಬಿಡಬೇಕು. ಹಾಗಾಗಿ ಕೊನೆಯ ಅಂಚನ್ನು ನೆಲದಿಂದ ಅಳೆಯಿರಿ. ನಾನು ಮರದ ಸ್ಕೇಲನ್ನು ನೆಲಕ್ಕೆ ನಿಲ್ಲಿಸಿ, ಗಿರಾಕಿಯನ್ನು ನಿಧಾನ ತಿರುಗಲು ಹೇಳಿ, ಸುತ್ತಲೂ ಒಂದೇ ಎತ್ತರಕ್ಕೆ ಪಿನ್ನು ಹಾಕುತ್ತೇನೆ. ಮಂಡಿ ಊರಿ ಕೂರಬೇಕು, ಹತ್ತು ನಿಮಿಷ ಹಿಡಿಯುತ್ತದೆ. ಪೋಲಿಯೋ ಆಗಿ ಒಂದು ಕಾಲು ಎರಡು ಇಂಚು ಗಿಡ್ಡ ಇರುವ ಒಬ್ಬ ಟೀಚರ್ ನನ್ನ ಹತ್ತಿರ ಬರುತ್ತಾರೆ. ಅವರ ಕುರ್ತಾ ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಒಂದು ಬದಿ ಉದ್ದ, ಒಂದು ಬದಿ ಗಿಡ್ಡ. ಹಾಕಿಕೊಂಡು ಶಾಲೆಯ ಬಾಗಿಲಲ್ಲಿ ನಿಂತರೆ ಅಂಚು ನೆಲಕ್ಕೆ ಸಮ. ಮೊದಲ ಸಲ ಹಾಕಿಕೊಂಡಾಗ ಅವರು ಕನ್ನಡಿ ಮುಂದೆ ಎರಡು ಸಲ ತಿರುಗಿ ನೋಡಿದರು. ಏನೂ ಹೇಳಲಿಲ್ಲ, ಮುಂದಿನ ವಾರ ಇನ್ನೂ ಮೂರು ಬಟ್ಟೆ ತಂದರು.

ಕೊನೆಗೆ, ಈಗಾಗಲೇ ಬೀರುವಿನಲ್ಲಿ ಇರುವ ಬಟ್ಟೆಗಳನ್ನು ಏನು ಮಾಡುವುದು ಅಂತ ಅಲ್ಲಿ ಹಿಂದೆ ಕೂತಿರುವ ಅಕ್ಕ ಚೀಟಿ ಕಳಿಸಿದ್ದಾರೆ. ಎಸೆಯಬೇಡಿ ಅಕ್ಕಾ. ಹಾಕಿಕೊಂಡು ಮಗಳ ಕೈಯಲ್ಲಿ ಒಂದು ಫೋಟೋ ತೆಗೆಸಿ. ಮೊಬೈಲನ್ನು ಅವಳು ಮುಖದ ಎತ್ತರಕ್ಕೆ ಹಿಡಿಯಬಾರದು, ಮೇಲಿನಿಂದ ತೆಗೆದರೆ ಎಲ್ಲರ ಕಾಲೂ ಗಿಡ್ಡ. ನಿಮ್ಮ ಸೊಂಟದ ಎತ್ತರಕ್ಕೆ ಹಿಡಿದು, ಎಂಟು ಹತ್ತು ಅಡಿ ದೂರದಿಂದ ತೆಗೆಯಲಿ. ಫೋಟೋದಲ್ಲಿ ಅಡ್ಡ ಗೆರೆಗಳನ್ನು ಎಣಿಸಿ, ಪ್ರತಿಯೊಂದೂ ಎಲ್ಲಿ ಬಿದ್ದಿದೆ ನೋಡಿ. ಸರಿಸಬೇಕಾದದ್ದನ್ನು ಪಿನ್ನು ಹಾಕಿ ಮೇಲೆತ್ತಿ, ಇನ್ನೊಂದು ಫೋಟೋ ತೆಗೆಸಿ. ಒಪ್ಪಿದರೆ ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿ ಒಂದು ದಿನ ಉಟ್ಟುಕೊಂಡು ಓಡಾಡಿ. ಆಮೇಲೆ ಬೇಕಾದರೆ ಮಷೀನಿಗೆ ಕೊಡಿ. ಕತ್ತರಿ ಮಾತ್ರ ಬೇಡ. ಮಡಿಕೆಯೊಳಗೆ ಆ ನಾಲ್ಕು ಇಂಚು ಹಾಗೇ ಇರಲಿ. ಮಗಳು ನಿಮಗಿಂತ ಎತ್ತರ ಬೆಳೆಯುತ್ತಾಳೆ, ಅವಳಿಗೆ ಬಿಚ್ಚಿಕೊಟ್ಟರಾಯಿತು.